ಕುಡಿತ ಬಿಡಿಸಿ ಆಸ್ಪತ್ರೆಯಿಂದ ಕಳಿಸಿದ ಮೇಲೆ ಎಲ್ಲಿಗೆ? ಮನೆ, ಸೆಂಟರ್, ಊರು, ಮೀಟಿಂಗ್: ಮುಂಬೈ-ಪುಣೆಯ ಕನ್ನಡಿಗರ ಮನೆಗಳಿಗೆ ಒಂದು ಹೋಲಿಕೆ

"ಅಣ್ಣನಿಗೆ ನಾಳೆ ಡಿಸ್ಚಾರ್ಜ್. ಮನೆಗೆ ಕರ್ಕೊಂಡು ಬರೋದಾ, ಸೆಂಟರಿಗೆ ಸೇರಿಸೋದಾ, ಇಲ್ಲ ಸುಮ್ನೆ ಊರಿಗೆ ಕಳಿಸಿಬಿಡೋದಾ?" ಡೊಂಬಿವಲಿ, ಠಾಣೆ, ಭಾಂಡುಪ್ ಕಡೆಯ ನಮ್ಮವರು ನನಗೆ ಫೋನ್ ಮಾಡಿದರೆ ಸಾಮಾನ್ಯವಾಗಿ ಇದೇ ಪ್ರಶ್ನೆ. ನಾನು ಡಾಕ್ಟರ್ ಅಲ್ಲ. ನಮ್ಮ ಭಾವ ಕುಡಿತ ಬಿಟ್ಟವರು. ಆ ಓಡಾಟದಲ್ಲಿ ಆಸ್ಪತ್ರೆ, ಚಟ ಬಿಡಿಸುವ ಸೆಂಟರ್, ಕುಡಿತ ಬಿಟ್ಟವರು ಸೇರುವ ಮೀಟಿಂಗ್ ಎಲ್ಲವನ್ನೂ ಹತ್ತಿರದಿಂದ ನೋಡಿದ್ದೇನೆ, ಅಷ್ಟೇ.

ಕೇಳುವವರಿಗೆ ಒಂದು ಹೆಸರು ಬೇಕಿರುತ್ತದೆ. "ಯಾವ ಸೆಂಟರ್ ಒಳ್ಳೇದು, ಹೇಳಿಬಿಡಿ." ಹೆಸರಿಗಿಂತ ಮೊದಲು ನಾನು ಕೇಳುವುದು ಇದು: ಸಂಜೆ ಏಳರಿಂದ ರಾತ್ರಿ ಹತ್ತರವರೆಗೆ ಅವರ ಜೊತೆ ಯಾರಿರುತ್ತಾರೆ? ಬೆಳಿಗ್ಗೆ ಎಲ್ಲರೂ ಗಟ್ಟಿ ಮನಸ್ಸಿನವರೇ. ಕೆಲಸ ಮುಗಿಸಿ ಸ್ಟೇಷನ್ನಿನಿಂದ ಹೊರಗೆ ಬಂದಾಗ, ಎದುರಿಗೇ ಬಾರಿನ ಬೋರ್ಡು ಬೆಳಗುವಾಗ, ಜೇಬಲ್ಲಿ ಇನ್ನೂರು ರೂಪಾಯಿ ಇರುವಾಗ ಆ ಗಟ್ಟಿತನ ಕರಗುತ್ತದೆ. ಮೊದಲ ಮೂರು ತಿಂಗಳಿಗೆ ಯಾವ ದಾರಿ ಹಿಡಿಯಬೇಕು ಅನ್ನುವುದು ನನ್ನ ಪ್ರಕಾರ ಮುಕ್ಕಾಲು ಪಾಲು ಈ ಮೂರು ಗಂಟೆಯ ಲೆಕ್ಕ.

ಹೋಲಿಕೆಗೂ ಮೊದಲು ದೇಹದ ಮಾತು

ದಿನಾ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಕೆಲವು ಗಂಟೆಗಳಲ್ಲೇ ಕೈ ನಡುಕ, ಬೆವರು, ಚಡಪಡಿಕೆ ಶುರುವಾಗುತ್ತದೆ. ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ಹೊತ್ತಿಗೆ ಕೆಲವರಿಗೆ ಇಲ್ಲದವರು ಕಾಣುತ್ತಾರೆ, ಗೋಡೆ ಮೇಲೆ ಹುಳ ಹರಿಯುತ್ತವೆ, ತಾನು ಎಲ್ಲಿದ್ದೇನೆ ಅಂತಲೇ ಗೊತ್ತಾಗುವುದಿಲ್ಲ. ಇದಕ್ಕೆ ಡೆಲಿರಿಯಂ ಟ್ರೆಮೆನ್ಸ್ ಅನ್ನುತ್ತಾರೆ, ಇದು ಜೀವಕ್ಕೇ ಅಪಾಯ. ಈ ಸ್ಥಿತಿಯಲ್ಲಿ "ಏನೋ ಸೋಂಕಿದೆ" ಅಂತ ನೂಲು ಕಟ್ಟಿಸಲು ಓಡುವವರು ಮುಂಬೈಯಲ್ಲೂ ಇದ್ದಾರೆ. ನೂಲು ಆಮೇಲೆ ಕಟ್ಟಿಸಿ, ಮೊದಲು ಆಸ್ಪತ್ರೆ.

ಆಸ್ಪತ್ರೆಯಲ್ಲಿ ನಡುಕ ತಡೆಯುವ ಮಾತ್ರೆ ಕೊಟ್ಟು ದಿನದಿಂದ ದಿನಕ್ಕೆ ಇಳಿಸುತ್ತಾರೆ. ಜೊತೆಗೆ ಬಿ-1 ವಿಟಮಿನ್, ಅಂದರೆ ಥಯಾಮಿನ್ ಕೊಡುತ್ತಾರೆ. ಗ್ಲೂಕೋಸ್ ಹಾಕುವ ಮುಂಚೆ ಥಯಾಮಿನ್ ಹೋಗಬೇಕು, ಇಲ್ಲದಿದ್ದರೆ ಮೆದುಳಿಗೆ ಪೆಟ್ಟಾಗಬಹುದು. ಹಾಗಾಗಿ ಸಣ್ಣ ಕ್ಲಿನಿಕ್ಕಿನಲ್ಲಿ "ಒಂದು ಬಾಟಲಿ ಹಾಕಿ ಕಳಿಸ್ತೇವೆ" ಅಂದರೆ ಮೊದಲು ಥಯಾಮಿನ್ ಕೊಡ್ತೀರಾ ಅಂತ ಕೇಳಿ. ಹಿಂದೆ ಯಾವಾಗಲಾದರೂ ಫಿಟ್ಸ್ ಬಂದಿದ್ದರೆ ಮನೆಯಲ್ಲಿ ಬಿಡಿಸುವ ಮಾತೇ ಬೇಡ. ಕೆಳಗಿನ ಹೋಲಿಕೆಯೆಲ್ಲ ಈ ಹಂತ ದಾಟಿದವರಿಗೆ.

ನಾನು ತೂಗಿ ನೋಡುವ ವಿಷಯಗಳು ಐದು. ಒಂದು, ಆಗಲೇ ಹೇಳಿದ ಸಂಜೆಯ ಹೊತ್ತು. ಎರಡು, ಕೆಲಸದ ಜಾಗ. ಮೂರು, ಬಿಡಬೇಕು ಅನ್ನುವುದು ಅವರ ಮಾತೋ ಅಥವಾ ಮನೆಯವರ ಮಾತೋ. ನಾಲ್ಕು, ದುಡ್ಡು, ಸೆಂಟರಿನ ಫೀಸು ಮಾತ್ರವಲ್ಲ, ದುಡಿಯುವವರು ಎಷ್ಟು ವಾರ ಸಂಬಳ ಇಲ್ಲದೆ ಇರಬಲ್ಲರು ಅನ್ನುವುದೂ ಸೇರಿ. ಐದು, ಭಾಷೆ. ಇದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಹೋಟೆಲಿನ ಹಿಂದಿಯಲ್ಲಿ ಆರ್ಡರ್ ತೆಗೆದುಕೊಳ್ಳಬಹುದು, ಅಪ್ಪನ ಮೇಲಿನ ಸಿಟ್ಟನ್ನು ಅದೇ ಹಿಂದಿಯಲ್ಲಿ ಹೇಳಿಕೊಳ್ಳುವುದು ಕಷ್ಟ.

ಮನೆಯಲ್ಲೇ ಇಟ್ಟುಕೊಂಡು ಓಪಿಡಿಗೆ ಹೋಗುವುದು

ಖರ್ಚು ಎಲ್ಲಕ್ಕಿಂತ ಕಮ್ಮಿ. ಪರೇಲಿನ ಕೆಇಎಂ, ಸಯನ್, ನಾಯರ್ ಮೂರೂ ಮಹಾನಗರಪಾಲಿಕೆಯ ಆಸ್ಪತ್ರೆಗಳು. ಮೂರರಲ್ಲೂ ಮನೋರೋಗ ವಿಭಾಗವಿದೆ. ಕೇಸ್ ಪೇಪರ್‌ಗೆ ಕೆಲವೇ ರೂಪಾಯಿ. ಠಾಣೆ ಕಡೆಯವರಿಗೆ ಸರಕಾರಿ ಪ್ರಾದೇಶಿಕ ಮನೋರೋಗ ಆಸ್ಪತ್ರೆ, ಪುಣೆಯವರಿಗೆ ಸಸೂನ್ ಮತ್ತು ಯೆರವಡಾದ ಆಸ್ಪತ್ರೆ ಇವೆ. ದುಡ್ಡಿನ ಬದಲು ನೀವು ಕೊಡಬೇಕಾದ್ದು ಸಮಯ. ಬೆಳಿಗ್ಗೆ ಬೇಗ ಹೋಗಿ ಸಾಲಲ್ಲಿ ನಿಲ್ಲಬೇಕು, ಪ್ರತಿ ಸಲ ಅದೇ ಡಾಕ್ಟರ್ ಸಿಗುವ ಭರವಸೆ ಇಲ್ಲ. ಹಳೆಯ ಪೇಪರುಗಳನ್ನೆಲ್ಲ ಒಂದು ಫೈಲಿನಲ್ಲಿಟ್ಟುಕೊಂಡರೆ ಪ್ರತಿ ಸಲ ಕಥೆ ಮೊದಲಿಂದ ಹೇಳುವುದು ತಪ್ಪುತ್ತದೆ.

ಮಾತ್ರೆಗಳಲ್ಲೂ ಆಯ್ಕೆ ಇದೆ. ಡೈಸಲ್ಫಿರಾಮ್ ತೆಗೆದುಕೊಂಡವರು ಕುಡಿದರೆ ಮುಖ ಕೆಂಪಾಗಿ ಎದೆ ಡವಡವ ಅಂದು ವಾಂತಿಯಾಗುತ್ತದೆ. ಆ ಹೆದರಿಕೆಯೇ ಅದರ ಶಕ್ತಿ. ಹೃದಯದ ತೊಂದರೆ ಇರುವವರಿಗೆ ಅದು ಆಗದು. ನಾಲ್ಟ್ರೆಕ್ಸೋನ್ ಕುಡಿಯುವ ಆಸೆಯನ್ನೂ ಕುಡಿದಾಗ ಸಿಗುವ ಮಜವನ್ನೂ ತಗ್ಗಿಸುತ್ತದೆ. ಅಕಾಂಪ್ರೊಸೇಟ್ ಲಿವರಿಗೆ ಭಾರವಲ್ಲ, ಆದರೆ ದಿನಕ್ಕೆ ಮೂರು ಸಲ ನುಂಗಬೇಕು, ಕಿಡ್ನಿ ಸರಿ ಇರಬೇಕು. ಯಾವುದು ಅನ್ನುವುದು ಡಾಕ್ಟರ್ ತೀರ್ಮಾನ. ಆದರೆ ದಿನಾ ಎದುರಿಗೆ ನಿಂತು ಕೊಡುವವರು ಮನೆಯಲ್ಲಿ ಇಲ್ಲದಿದ್ದರೆ ಡೈಸಲ್ಫಿರಾಮ್ ಹೆಚ್ಚು ಕೆಲಸಕ್ಕೆ ಬರುವುದಿಲ್ಲ, ಇದನ್ನು ನೀವೇ ಡಾಕ್ಟರಿಗೆ ಹೇಳಬೇಕು.

ನಮ್ಮ ಮನೆಯಲ್ಲಿ ಅಕ್ಕ ಆ ಮಾತ್ರೆಯನ್ನು ಸ್ಟೀಲಿನ ಲೋಟದ ನೀರಲ್ಲಿ ಕದಡಿ ಕೊಡುತ್ತಿದ್ದಳು. ಭಾವ ಕುಡಿದ ಮೇಲೆ ತಳದಲ್ಲಿ ಬಿಳಿ ಪುಡಿ ಉಳಿದಿರುತ್ತಿತ್ತು. ಅವಳು ಮತ್ತೆ ಸ್ವಲ್ಪ ನೀರು ಹಾಕುತ್ತಿದ್ದಳು, ಅವರು ಅದನ್ನೂ ಕುಡಿದು ಲೋಟ ಬೋರಲು ಇಡುತ್ತಿದ್ದರು. ಒಂದು ಮಾತೂ ಇಲ್ಲ. ಹಲ್ಲುಜ್ಜಿದ ಹಾಗೆ ಅದೂ ಒಂದು ದಿನಚರಿ ಆಗಿಬಿಟ್ಟಿತ್ತು. ಅಷ್ಟು ಸದ್ದಿಲ್ಲದೆ ನಡೆಯುವ ಮನೆಯಾದರೆ ಈ ದಾರಿ ಚೆನ್ನಾಗಿ ನಡೆಯುತ್ತದೆ.

ಗುಟ್ಟಾಗಿ ಸಾಂಬಾರಿಗೆ ಹಾಕಿ ಕೊಡುವ ಉಪಾಯ ಮಾತ್ರ ಬೇಡವೇ ಬೇಡ. ಗೋಡೆಗಳ ಮೇಲೆ "ರೋಗಿಗೆ ಗೊತ್ತಾಗದಂತೆ ಕುಡಿತ ಬಿಡಿಸಿ" ಅಂತ ಬರೆದಿರುತ್ತಾರಲ್ಲ, ಆ ಪುಡಿಗಳಲ್ಲಿ ಏನಿರುತ್ತದೆ ಅಂತ ಯಾರಿಗೂ ಗೊತ್ತಿಲ್ಲ. ಡೈಸಲ್ಫಿರಾಮ್ ಒಳಗಿದೆ ಅಂತ ತಿಳಿಯದೆ ಕ್ವಾರ್ಟರ್ ಏರಿಸಿದವರು ಸಾಯಲೂಬಹುದು. ಮಾತ್ರೆ ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಅದರ ಪರಿಣಾಮ ಉಳಿಯಬಹುದು. ಇನ್ನೊಂದು ಮಾತು: ಅಜ್ಜಿಯ ಕಪಾಟಿನಲ್ಲಿರುವ ದ್ರಾಕ್ಷಾರಿಷ್ಟ, ದಶಮೂಲಾರಿಷ್ಟದಲ್ಲಿ ಹುದುಗಿ ಬಂದ ಆಲ್ಕೋಹಾಲ್ ಇರುತ್ತದೆ. ಕೆಲವು ಕೆಮ್ಮಿನ ಔಷಧಿಗಳಲ್ಲೂ ಇರುತ್ತದೆ. ಅವನ್ನು ಮನೆಯಿಂದ ತೆಗೆದಿಡಿ.

ಮನೆಯ ದಾರಿಯ ತೊಂದರೆ ಏನೆಂದರೆ ಹೆಂಡತಿಯೋ ತಾಯಿಯೋ ಪೊಲೀಸ್ ಆಗಿಬಿಡುತ್ತಾರೆ. ಬಾಗಿಲು ತೆಗೆದ ಕೂಡಲೇ ಬಾಯಿ ಮೂಸುವುದು, ಫೋನ್ ತಡಕುವುದು, ಬಾತ್‌ರೂಮಿನ ಮಾಳಿಗೆ ಹುಡುಕುವುದು. ಒಂದು ಕೋಣೆ, ಒಂದು ಅಡುಗೆಮನೆಯ ಮನೆಯಲ್ಲಿ ಇದು ಮಕ್ಕಳ ಕಣ್ಣೆದುರೇ ನಡೆಯುತ್ತದೆ. ಅದಕ್ಕಿಂತ ಮೊದಲೇ ಕೂತು ಮಾತಾಡಿಕೊಳ್ಳುವುದು ಲೇಸು: ಸಂಬಳ ಯಾರ ಖಾತೆಗೆ, ದಿನದ ಖರ್ಚಿಗೆ ಎಷ್ಟು, ಗೆಳೆಯರ ಫೋನ್ ಬಂದರೆ ಏನು ಹೇಳುವುದು. "ನೀವು ಕುಡಿದು ಬಂದರೆ ನಾನು ಜಗಳ ಮಾಡಲ್ಲ, ಮಕ್ಕಳನ್ನು ಕರ್ಕೊಂಡು ಅಮ್ಮನ ಮನೆಗೆ ಹೋಗ್ತೇನೆ, ಬೆಳಿಗ್ಗೆ ಡಾಕ್ಟರ್ ಹತ್ರ ಹೋಗೋಣ" ಅಂತ ಅಕ್ಕ ಒಮ್ಮೆ ಹೇಳಿದ್ದಳು. ಹೇಳಿದ ಹಾಗೇ ಮಾಡುವ ಮಾತನ್ನಷ್ಟೇ ಹೇಳಬೇಕು.

ಸಂಜೆ ಮನೆಯಲ್ಲಿ ಜನ ಇದ್ದು, ಅವರಿಗೇ ಬಿಡುವ ಮನಸ್ಸಿದ್ದು, ಕೆಲಸದ ಜಾಗದಲ್ಲಿ ಬಾಟಲಿ ಇಲ್ಲದಿದ್ದರೆ ನಾನು ಮೊದಲು ಇದನ್ನೇ ಹೇಳುತ್ತೇನೆ.

ಸೆಂಟರ್

ಹೋಟೆಲ್ ಲೈನಿನವರ ವಿಷಯಕ್ಕೆ ಬರೋಣ. ನಮ್ಮವರಲ್ಲಿ ಎಷ್ಟೋ ಜನರ ಅನ್ನವೇ ಬಾರ್ ಆಂಡ್ ರೆಸ್ಟೋರೆಂಟಿನಲ್ಲಿದೆ. ಕ್ಯಾಪ್ಟನ್, ವೇಟರ್, ಕೌಂಟರಿನವರು. ರಾತ್ರಿ ಕ್ಲೋಸಿಂಗ್ ಆದ ಮೇಲೆ ಕೈಯಲ್ಲಿ ಟಿಪ್ಸ್, ಮಲಗುವುದು ಹೋಟೆಲಿನ ಮೇಲಿನ ರೂಮಲ್ಲಿ ಇನ್ನೂ ಹತ್ತು ಜನರ ಜೊತೆ. ಇಂಥವರಿಗೆ "ಮನೆಯಲ್ಲೇ ಇಟ್ಟುಕೊಳ್ಳಿ" ಅನ್ನಲು ಮುಂಬೈಯಲ್ಲಿ ಮನೆಯೇ ಇಲ್ಲ. ಅವರಿಗೆ ಸೆಂಟರೇ ಸರಿ. ಜೊತೆಗೆ, ಸೆಂಟರಿಂದ ಬಂದ ಮೇಲೆ ಸೇರಲು ಬೇರೆ ಕೆಲಸ ನೋಡಿಡಬೇಕು. ಸೇಟಿನ ಹತ್ತಿರ ಮಾತಾಡಿ ಅದೇ ಗ್ರೂಪಿನ ಶುದ್ಧ ಸಸ್ಯಾಹಾರಿ ಹೋಟೆಲಿಗೆ ಬದಲಿ ಕೇಳಿದರೆ ಎಷ್ಟೋ ಮಾಲೀಕರು ಒಪ್ಪುತ್ತಾರೆ. ಸಂಬಳ ಸ್ವಲ್ಪ ಕಮ್ಮಿಯಾದರೂ ಪರವಾಗಿಲ್ಲ.

ಪುಣೆಯ ಯೆರವಡಾದಲ್ಲಿ ಮುಕ್ತಾಂಗಣ ಇದೆ. 1986ರಲ್ಲಿ ಮರಾಠಿ ಲೇಖಕ ಅನಿಲ್ ಅವಚಟ್ ಮತ್ತು ಅವರ ಪತ್ನಿ, ಮನೋವೈದ್ಯೆ ಅನಿತಾ ಅವಚಟ್ ಶುರು ಮಾಡಿದ್ದು, ಮರಾಠಿ ಸಾಹಿತಿ ಪು.ಲ. ದೇಶಪಾಂಡೆ ದಂಪತಿ ಹಣದ ಬೆಂಬಲ ಕೊಟ್ಟಿದ್ದರು. ಹೆಂಗಸರಿಗೆ ನಿಶಿಗಂಧ ಅನ್ನುವ ಬೇರೆ ವಿಭಾಗ ಇದೆ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಹೆಂಗಸರು ಕುಡಿಯುವುದನ್ನು ನಮ್ಮ ಮನೆಗಳಲ್ಲಿ ಮುಚ್ಚಿಡುತ್ತಾರೆ, ಚಿಕಿತ್ಸೆಗೆ ಬರುವಷ್ಟರಲ್ಲಿ ತಡವಾಗಿರುತ್ತದೆ. ಮುಕ್ತಾಂಗಣದ ವಾತಾವರಣ ಮರಾಠಿಯದ್ದು. ಇಲ್ಲೇ ಹುಟ್ಟಿ ಬೆಳೆದವರಿಗೆ, ಸೊಲ್ಲಾಪುರ, ಬೆಳಗಾವಿ ಕಡೆಯವರಿಗೆ ತೊಂದರೆಯಿಲ್ಲ. ನಿನ್ನೆಮೊನ್ನೆ ಕುಂದಾಪುರದಿಂದ ಬಂದ ಹುಡುಗ ಗುಂಪಿನಲ್ಲಿ ಮೂಕನಾಗಿ ಕೂರಬಹುದು.

ಮುಂಬೈಯಲ್ಲಿ ಕೃಪಾ ಫೌಂಡೇಶನ್ ಇದೆ. ತಾವೇ ಕುಡಿತದಿಂದ ಹೊರಬಂದ ಫಾದರ್ ಜೋ ಪಿರೇರಾ 1981ರಲ್ಲಿ ಬಾಂದ್ರಾದಲ್ಲಿ ಶುರು ಮಾಡಿದ್ದು. ವಸಯಿ, ಗೋವಾಗಳಲ್ಲೂ ಇದೆ. ಅಯ್ಯಂಗಾರ್ ಯೋಗವೂ ಅಲ್ಲಿನ ಚಿಕಿತ್ಸೆಯ ಭಾಗ. ಚರ್ಚಿನವರದ್ದು ಅಂತ ಹಿಂಜರಿಯಬೇಡಿ, ಎಲ್ಲ ಧರ್ಮದವರೂ ಹೋಗುತ್ತಾರೆ. ಇವಲ್ಲದೆ ಕೇಂದ್ರ ಸರಕಾರದ ನೆರವಿನಿಂದ ಸಂಸ್ಥೆಗಳು ನಡೆಸುವ ಪುನರ್ವಸತಿ ಕೇಂದ್ರಗಳಿವೆ. 14446ಕ್ಕೆ ಫೋನ್ ಮಾಡಿದರೆ ಹತ್ತಿರ ಯಾವುದಿದೆ ಅಂತ ಕೇಳಬಹುದು. ದುಡ್ಡಿಲ್ಲದವರು ಇಲ್ಲಿಂದ ಶುರು ಮಾಡಿ.

ಖಾಸಗಿ ಸೆಂಟರುಗಳು ಕರ್ಜತ್, ಲೋನಾವಳಾ, ಪುಣೆಯ ಸುತ್ತ ಬೇಕಾದಷ್ಟಿವೆ. ತಿಂಗಳಿಗೆ ಹತ್ತಿಪ್ಪತ್ತು ಸಾವಿರದಿಂದ ಹಿಡಿದು ಲಕ್ಷ ದಾಟುವವರೆಗೆ. ಜಾಸ್ತಿ ದುಡ್ಡು ಕೊಟ್ಟರೆ ಸಿಗುವುದು ಹೆಚ್ಚಾಗಿ ಒಂಟಿ ಕೋಣೆ, ಏಸಿ, ಊಟ. ಗುಣ ಆಗುವುದಕ್ಕೂ ಏಸಿಗೂ ಸಂಬಂಧ ಇಲ್ಲ. ಮನೋವೈದ್ಯರು ವಾರಕ್ಕೆ ಎಷ್ಟು ಸಲ ಬರುತ್ತಾರೆ, ರಾತ್ರಿ ನರ್ಸ್ ಇರುತ್ತಾರಾ, ಬಿಟ್ಟ ಮೇಲೆ ಫಾಲೋಅಪ್ ಹೇಗೆ ಅನ್ನುವುದಕ್ಕೆ ಮಾತ್ರ ದುಡ್ಡು ಕೊಡಿ. ವಿಮೆ ಇದ್ದರೆ ವ್ಯಸನದ ಚಿಕಿತ್ಸೆಗೆ ಸಿಗುತ್ತದೋ ಇಲ್ಲವೋ ಅಂತ ಕಂಪನಿಯಿಂದ ಲಿಖಿತವಾಗಿ ಕೇಳಿ. ಏಜೆಂಟಿನ ಬಾಯಿಮಾತು ಸಾಲದು.

ಸೇರಿಸುವ ಮೊದಲು ಕಣ್ಣಾರೆ ನೋಡಿ ಬನ್ನಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ವ್ಯಾಪ್ತಿಯಲ್ಲಿ ಮದ್ಯ, ಮಾದಕ ವಸ್ತುಗಳಿಂದಾಗುವ ಮನೋತೊಂದರೆಯೂ ಬರುತ್ತದೆ. ಸೆಂಟರಿಗೆ ನೋಂದಣಿ ಬೇಕು; ಪ್ರಮಾಣಪತ್ರ ತೋರಿಸಿ ಅನ್ನಿ. ಸರಪಳಿಯಲ್ಲಿ ಕಟ್ಟುವುದನ್ನು ಕಾಯ್ದೆ ನಿಷೇಧಿಸಿದೆ. ಅವರು ಒಪ್ಪದೆ ಮನೆಯವರ ಕೋರಿಕೆ ಮೇಲೆ ಸೇರಿಸಿಕೊಳ್ಳಬೇಕಾದರೆ ಇಬ್ಬರು ತಜ್ಞರು ಬೇರೆ ಬೇರೆಯಾಗಿ ಪರೀಕ್ಷಿಸಬೇಕು, ಅದೂ ಮೊದಲಿಗೆ 30 ದಿನಕ್ಕೆ ಮಾತ್ರ. "ಅಡ್ರೆಸ್ ಕೊಡಿ, ರಾತ್ರಿ ಗಾಡಿ ಕಳಿಸಿ ಎತ್ಕೊಂಡು ಬರ್ತೇವೆ, ಆರು ತಿಂಗಳು ಮುಖ ನೋಡೋ ಹಾಗಿಲ್ಲ" ಅನ್ನುವ ಸೆಂಟರಿದೆಯಲ್ಲ, ಅಲ್ಲಿಂದ ಎದ್ದು ಬನ್ನಿ. ಅಡುಗೆಮನೆ ನೋಡಿ, ಅಲ್ಲಿರುವವರ ಮುಖ ನೋಡಿ. ಸಿಬ್ಬಂದಿ ಹತ್ತಿರ ಬಂದಾಗ ಅವರು ಮಾತು ನಿಲ್ಲಿಸಿ ತಲೆ ತಗ್ಗಿಸಿದರೆ ಬೇರೇನೂ ಕೇಳಬೇಕಿಲ್ಲ.

ಸೆಂಟರಿನ ದೊಡ್ಡ ಕೊರತೆ ಅದು ಮುಗಿಯುವ ದಿನ. ಒಳಗಿರುವಷ್ಟು ದಿನ ಸಂಜೆ ಏಳರ ಪ್ರಶ್ನೆಯೇ ಇಲ್ಲ. ಹೊರಗೆ ಬಂದ ಮೊದಲ ಸಂಜೆಯೇ ಅದು ಎದುರಾಗುತ್ತದೆ. ಬ್ರೌನ್ ಶುಗರ್ (ಕಲಬೆರಕೆ ಹೆರಾಯಿನ್) ತರಹದ ಚಟದವರಲ್ಲಿ ಇದು ಇನ್ನೂ ಅಪಾಯ. ಕೆಲವು ವಾರ ಬಿಟ್ಟ ಮೇಲೆ ದೇಹಕ್ಕೆ ಹಳೆಯ ಪ್ರಮಾಣ ತಡೆಯುವ ಶಕ್ತಿ ಇರುವುದಿಲ್ಲ. ಮೊದಲಿನಷ್ಟೇ ತೆಗೆದುಕೊಂಡರೆ ಉಸಿರು ನಿಲ್ಲಬಹುದು. ಅಂಥವರಿಗೆ ಅದೇ ಗುಂಪಿನ ಔಷಧಿಯಾದ ಬುಪ್ರೆನಾರ್ಫಿನ್ ಮಾತ್ರೆಯನ್ನು ಮುಂದುವರಿಸುವ ಚಿಕಿತ್ಸೆ ಇದೆ. "ಒಂದು ಬಿಟ್ಟು ಇನ್ನೊಂದು ಚಟವಾ?" ಅಂತ ಮನೆಯವರು ಅದನ್ನು ನಿಲ್ಲಿಸಬಾರದು.

ಊರಿಗೆ ಕಳಿಸುವುದು

ಎಲ್ಲರ ಮನಸ್ಸಿಗೂ ಮೊದಲು ಬರುವುದು ಇದೇ. ತೋಟ, ಗದ್ದೆ, ಅಮ್ಮನ ಕೈ ಗಂಜಿ, ಮುಂಬೈಯ ಗೆಳೆಯರಿಲ್ಲ. ನನಗೆ ಎಲ್ಲಕ್ಕಿಂತ ಕಮ್ಮಿ ನಂಬಿಕೆ ಇರುವುದೂ ಇದರ ಮೇಲೇ. ಊರಲ್ಲಿ ಕೆಲಸವಿಲ್ಲದ ಸಂಜೆ ಮುಂಬೈಯದಕ್ಕಿಂತ ಉದ್ದ. ಪೇಟೆಯ ವೈನ್ ಶಾಪಿಗೆ ಯಾರದ್ದೋ ಬೈಕ್ ಸಿಕ್ಕೇ ಸಿಗುತ್ತದೆ. ಕೋಲ, ನೇಮ, ಕಂಬಳ, ಮದುವೆ ಅಂತ ಒಂದಲ್ಲ ಒಂದು ಗಮ್ಮತ್ತು. "ಮುಂಬೈಯಿಂದ ಬಂದಿದ್ದಾನೆ, ಪಾರ್ಟಿ ಇಲ್ವಾ?" ಅನ್ನುವವರು ಬೇರೆ. ಎಪ್ಪತ್ತರ ತಾಯಿ ಮಗನ ಮಾತ್ರೆ ಲೆಕ್ಕ ಇಡುವುದಾದರೂ ಹೇಗೆ? ಇದರ ಜೊತೆಗೇ "ಒಂದು ಮದುವೆ ಮಾಡಿಬಿಟ್ಟರೆ ಸರಿಹೋಗ್ತಾನೆ" ಅನ್ನುವ ಸಲಹೆಯೂ ಅಲ್ಲೇ ಹುಟ್ಟುತ್ತದೆ. ಇನ್ನೊಬ್ಬರ ಮಗಳನ್ನು ಔಷಧಿ ಅಂತ ತರಬೇಡಿ.

ಆದರೂ ಊರು ಸರಿಯಾಗುವ ಸಂದರ್ಭಗಳಿವೆ. ಅಲ್ಲಿ ಚಿಕಿತ್ಸೆ ಗೊತ್ತು ಮಾಡಿಕೊಂಡು ಹೋಗುವುದಾದರೆ ಸರಿ. ಉಡುಪಿಯ ಎ.ವಿ. ಬಾಳಿಗಾ ಆಸ್ಪತ್ರೆ, ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್, ಈ ಮಾನಸಿಕ ಆರೋಗ್ಯ ಆಸ್ಪತ್ರೆಗಳಲ್ಲೆಲ್ಲ ಕನ್ನಡದಲ್ಲೇ ಮಾತಾಡಬಹುದು. ಪುಣೆಯ ಕಟ್ಟಡ ಕೆಲಸಕ್ಕೆ ಬಂದ ಕಲಬುರಗಿ, ಯಾದಗಿರಿ ಕಡೆಯವರಿಗೆ ಭಾಷೆಯ ಈ ಒಂದು ಕಾರಣಕ್ಕೇ ನಾನು ಧಾರವಾಡ ಹೇಳುತ್ತೇನೆ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯವರು ಹಳ್ಳಿಗಳಲ್ಲಿ ಮದ್ಯವರ್ಜನ ಶಿಬಿರ ನಡೆಸುತ್ತಾರೆ. ಸುಮಾರು ಒಂದು ವಾರದ್ದು, ಭಜನೆ, ಸಲಹೆ, ಮನೆಯವರಿಗೂ ಪಾಲು. ಅದರಲ್ಲಿ ನನಗೆ ಇಷ್ಟವಾಗುವುದು ಶಿಬಿರ ಮುಗಿದ ಮೇಲಿನ ನವಜೀವನ ಸಮಿತಿ: ಬಿಟ್ಟವರು ಮತ್ತೆ ಮತ್ತೆ ಸೇರುತ್ತಾರೆ. ಶಿಬಿರ ಮುಗಿಸಿ ಮರುದಿನವೇ ಮುಂಬೈಗೆ ವಾಪಸಾದರೆ ಆ ಅರ್ಧ ಲಾಭ ತಪ್ಪಿಹೋಗುತ್ತದೆ. ದೇವರ ಮುಂದೆ ಆಣೆ ಮಾಡಿಸುವವರಿಗೂ ಒಂದು ಮಾತು. ಆಣೆಯಿಂದ ಬಲ ಬಂದವರನ್ನು ನೋಡಿದ್ದೇನೆ. ಆಣೆ ಮುರಿದ ಹೆದರಿಕೆಗೆ ಮನೆಗೇ ಬಾರದೆ ಕುಡಿದವರನ್ನೂ ನೋಡಿದ್ದೇನೆ.

ಕಳಿಸುವುದಾದರೆ ಒಬ್ಬರನ್ನೇ ರೈಲು ಹತ್ತಿಸಬೇಡಿ. ಮತ್ಸ್ಯಗಂಧ ಎಕ್ಸ್‌ಪ್ರೆಸ್ ಗೋವಾದ ಮಡಗಾಂವ್ ದಾಟಿಯೇ ಹೋಗಬೇಕು.

ಮೀಟಿಂಗ್

ಆಲ್ಕೋಹಾಲಿಕ್ಸ್ ಅನಾನಿಮಸ್, ಎಲ್ಲರೂ ಎಎ ಅನ್ನುತ್ತಾರೆ. ಭಾರತದಲ್ಲಿ 1957ರಿಂದ ಇದೆ. ಫೀಸಿಲ್ಲ, ಹೆಸರು ಕೇಳುವುದಿಲ್ಲ. ಮುಂಬೈಯಲ್ಲಿ ಶಾಲೆ, ಚರ್ಚುಗಳ ಕೋಣೆಗಳಲ್ಲಿ ಹಿಂದಿ, ಮರಾಠಿ, ಇಂಗ್ಲಿಷಿನಲ್ಲಿ ನಡೆಯುತ್ತದೆ. ಡ್ರಗ್ಸ್ ಬಿಟ್ಟವರಿಗೆ ನಾರ್ಕೋಟಿಕ್ಸ್ ಅನಾನಿಮಸ್ ಇದೆ. ಇದನ್ನು ನಾನು ಬೇರೆ ಆಯ್ಕೆ ಅಂತ ಲೆಕ್ಕ ಹಾಕುವುದಿಲ್ಲ. ಮೇಲಿನ ಯಾವುದನ್ನು ಹಿಡಿದರೂ ಜೊತೆಗೆ ಇರಬೇಕಾದ್ದು. ಕಾರಣ ಸರಳ: ಮೀಟಿಂಗ್ ಹೆಚ್ಚಾಗಿ ಸಂಜೆಯೇ ಇರುತ್ತದೆ. ಏಳರಿಂದ ಹತ್ತರ ನಡುವೆ ಒಂದೂವರೆ ಗಂಟೆ ಅಲ್ಲೇ ಕಳೆಯುತ್ತದೆ. ಅಲ್ಲಿನ ದೇವರ ಮಾತು, ಕುಡಿತ ಬಿಡಲು ಅವರು ಹೇಳುವ ಹನ್ನೆರಡು ಹೆಜ್ಜೆಗಳು ಎಲ್ಲರಿಗೂ ಒಗ್ಗುವುದಿಲ್ಲ. ಎರಡು ಮೂರು ಬೇರೆ ಬೇರೆ ಗುಂಪು ನೋಡಿ ತೀರ್ಮಾನಿಸಲಿ.

ಮನೆಯವರಿಗೆ ಅಲ್-ಅನಾನ್ ಅನ್ನುವ ಬೇರೆ ಮೀಟಿಂಗ್ ಇದೆ. ಕುಡಿಯುವವರು ಸೆಂಟರಿಗೆ ಬರಲ್ಲ, ಮೀಟಿಂಗಿಗೂ ಬರಲ್ಲ ಅಂದರೂ ನೀವು ಹೋಗಬಹುದು. ಎಷ್ಟೋ ಮನೆಗಳಲ್ಲಿ ಬದಲಾವಣೆ ಶುರುವಾಗಿದ್ದು ಅಲ್ಲಿಂದಲೇ.

ಗೋವಾದವರಿಗೆ

ಅಲ್ಲಿ ಬಾಂಬೋಲಿಯ ಸರಕಾರಿ ಮನೋವೈದ್ಯಕೀಯ ಸಂಸ್ಥೆ ಇದೆ, ಐಪಿಎಚ್‌ಬಿ ಅನ್ನುತ್ತಾರೆ, ಗೋವಾ ಮೆಡಿಕಲ್ ಕಾಲೇಜಿನ ಹತ್ತಿರ. ಇನ್ನೂ ಚಟಕ್ಕೆ ಪೂರ್ತಿ ಬಿದ್ದಿಲ್ಲ, ಕುಡಿತ ಜಾಸ್ತಿಯಾಗಿದೆ ಅನ್ನುವ ಹಂತದವರಿಗೆ ಸಂಗತ್ ಸಂಸ್ಥೆ ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ತರಬೇತಿ ಪಡೆದ ಸ್ಥಳೀಯ ಸಲಹೆಗಾರರಿಂದ ಕೆಲವೇ ಭೇಟಿಗಳ ಮಾತುಕತೆ ಚಿಕಿತ್ಸೆ ಮಾಡಿಸಿ ನೋಡಿತು. ಫಲ ಸಿಕ್ಕಿದ್ದು 2017ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಮುಂಬೈಯವರು "ಹವಾ ಬದಲಾಗಲಿ" ಅಂತ ಗೋವಾದ ಸೆಂಟರ್ ಹುಡುಕುವುದುಂಟು. ಸೆಂಟರಿನ ಬಗ್ಗೆ ನನ್ನ ತಕರಾರಿಲ್ಲ. ಆದರೆ ಮನೆಯವರು ಪ್ರತಿ ವಾರ ಫ್ಯಾಮಿಲಿ ಸೆಷನ್ನಿಗೆ ಹೋಗಲಾಗುವುದಿಲ್ಲ, ಅಲ್ವಾ? ಅದಕ್ಕೆ ಪುಣೆಯೇ ವಾಸಿ.

ಹಾಗಾದರೆ ಯಾರಿಗೆ ಯಾವುದು

ಆಫೀಸ್ ಕೆಲಸ, ಮನೆಯಲ್ಲಿ ಹೆಂಡತಿ ಮಕ್ಕಳು, ತಾನೇ ಬಿಡುತ್ತೇನೆ ಅಂದವರು: ಓಪಿಡಿ, ಮಾತ್ರೆ, ಸಂಜೆ ಮೀಟಿಂಗ್. ಗಂಡ ಹೆಂಡತಿ ಇಬ್ಬರೂ ರಾತ್ರಿ ಒಂಬತ್ತರ ಲೋಕಲ್ಲಿಗೆ ಮನೆಗೆ ಬರುವವರಾದರೆ, ಅಥವಾ ಮನೆಯಲ್ಲಿ ಇನ್ನೊಬ್ಬರೂ ಕುಡಿಯುವವರಿದ್ದರೆ: ಸೆಂಟರ್. ಕೈ ಎತ್ತುವವರಾದರೆ ಯೋಚನೆಯೇ ಬೇಡ, ಮೊದಲು ಹೆಂಗಸರು, ಮಕ್ಕಳು ಬೇರೆ ಕಡೆ ಇರಲಿ, ಉಳಿದದ್ದು ಆಮೇಲೆ. ದುಡಿಮೆ ನಿಂತರೆ ಅಡುಗೆಮನೆಯೂ ನಿಲ್ಲುವ ಮನೆಯಾದರೆ ಸರಕಾರಿ ನೆರವಿನ ಕೇಂದ್ರ ವಿಚಾರಿಸಿ, ಹಾಸಿಗೆ ಸಿಗುವವರೆಗೆ ಓಪಿಡಿ ನಡೆಸಿ. ಎರಡು ಸಲ ಮನೆಯಲ್ಲೇ ಪ್ರಯತ್ನಿಸಿ ಮತ್ತೆ ಕುಡಿದವರನ್ನು ಮೂರನೇ ಸಲವೂ ಮನೆಯಲ್ಲೇ ಇಟ್ಟು ಬೇರೆ ಫಲ ಸಿಗಲಿ ಅನ್ನುವುದು ಬೇಡ. ದಾರಿ ಬದಲಿಸಿ.

ಯಾವುದನ್ನು ಆರಿಸಿದರೂ, ಮತ್ತೆ ಕುಡಿದರೆ ಏನು ಮಾಡುವುದು ಅಂತ ಮೊದಲೇ ಒಂದು ಕಾಗದದಲ್ಲಿ ಬರೆದು ಫ್ರಿಜ್ಜಿನ ಮೇಲೆ ಅಂಟಿಸಿ. ಡಾಕ್ಟರ್ ನಂಬರು, ಸೆಂಟರಿನ ಫಾಲೋಅಪ್ ನಂಬರು, ರಾತ್ರಿ ಎಷ್ಟು ಹೊತ್ತಿಗೂ ಬರುವ ಒಬ್ಬ ನೆಂಟರ ಹೆಸರು. ವ್ಯಸನದ ಸಹಾಯವಾಣಿ 14446. ನಿಮಗೇ ಯಾರ ಹತ್ತಿರವಾದರೂ ಹೇಳಿಕೊಳ್ಳಬೇಕು ಅನಿಸಿದರೆ ಟೆಲಿ-ಮಾನಸ್ 14416, ಕನ್ನಡದಲ್ಲೂ ಮಾತಾಡಬಹುದು. ಫಿಟ್ಸ್, ಭ್ರಮೆ, ಎಬ್ಬಿಸಿದರೂ ಏಳದಿರುವುದು, ಉಸಿರು ನಿಧಾನ ಆಗುವುದು, ಇವುಗಳಲ್ಲಿ ಯಾವುದು ಕಂಡರೂ ಮಗ್ಗುಲಾಗಿ ಮಲಗಿಸಿ 108ಕ್ಕೆ ಫೋನ್ ಮಾಡಿ. ಏನು ತೆಗೆದುಕೊಂಡಿದ್ದಾರೆ ಅನ್ನುವುದನ್ನು ಮುಚ್ಚಿಡದೆ ಹೇಳಿ, ಮಾತ್ರೆಯ ಪಟ್ಟಿಯನ್ನೂ ಜೊತೆಗೆ ಒಯ್ಯಿರಿ.